ಅಕ್ಕೋರ ಹಲ್ಲು

ಮೂರನೆಯ ಸಾಲಿನಲ್ಲಿ ಗೋಡೆಗೆ ಒತ್ತಿದ ಜಾಗ ಆ ದಿನವೂ ಖಾಲಿ ಇತ್ತು. ಎರಡನೆಯ ಇಯತ್ತೆಯ ಹಾಜರಿ ಪುಸ್ತಕದ ಮೇಲೆ ಬೆರಳು ಇಳಿಸುತ್ತ ಬಂದ ಮಂಜುಳಾ ಫರೀನ್ ಎಂಬ ಹೆಸರಿನ ಹತ್ತಿರ ತಡೆದು, ಕರೆಯುವ ಮೊದಲು ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡಳು. ಈಚೆಗೆ ಕೆಲವು ಅಕ್ಷರಗಳು ಆಕೆಗೆ ವೈರಿಗಳಾಗಿದ್ದವು. ಫ ಅನ್ನುವಾಗ, ಥ ಅನ್ನುವಾಗ, ಮೇಲಿನ ಸಾಲಿನ ಹದಿನಾಲ್ಕು ಹಲ್ಲುಗಳೂ ಒಟ್ಟಿಗೆ ಕೂದಲೆಳೆಯಷ್ಟು ಕೆಳಗಿಳಿದು ಮತ್ತೆ ಮೇಲೆ ಹೋಗಿ ಕೂರುತ್ತಿದ್ದವು. ಕೂರುವಾಗ ಟಕ್ ಎಂದು ಸಣ್ಣ ಸದ್ದು. ಅದು ತನ್ನ ತಲೆಯೊಳಗೆ ಮಾತ್ರ ಕೇಳುವ ಸದ್ದೆಂದು ಒಂಬತ್ತು ವರ್ಷ ನಂಬಿದ್ದವಳಿಗೆ ಈ ಬೇಸಿಗೆಯಲ್ಲಿ ಆ ನಂಬಿಕೆ ಹೋಗಿತ್ತು. "ಫರೀನ್" ಎಂದಳು. ಟಕ್. "ಬಂದಿಲ್ರೀ ಅಕ್ಕೋರ" ಎಂದು ನಲವತ್ತೆರಡು ಬಾಯಿಗಳು ಒಮ್ಮೆಲೇ ತೆರೆದು ಒಮ್ಮೆಲೇ ಮುಚ್ಚಿದವು. ಮುಚ್ಚಿದ ಮೇಲೆ ಕೋಣೆಯಲ್ಲಿ ಉಳಿದ ಮೌನದಲ್ಲಿ ಆ ಟಕ್ ಇನ್ನೂ ಎಲ್ಲೋ ತೊಲೆಯ ಮೇಲೆ ಹಲ್ಲಿಯಂತೆ ಅಂಟಿಕೊಂಡಿದೆ ಅನ್ನಿಸಿ ಆಕೆ ತಲೆ ಎತ್ತಿ ನೋಡಿದಳು. ಏನೂ ಇರಲಿಲ್ಲ. ಹುಡುಗಿ ನಿನ್ನೆಯೂ ಬಂದಿರಲಿಲ್ಲ. ಬಾರದಿದ್ದದ್ದಕ್ಕೆ ನಿನ್ನೆ ತನಗೆ ಹಾಯೆನಿಸಿತ್ತು ಎಂಬುದು ನೆನಪಾಗಿ, ಮಂಜುಳಾ ಆ ಹೆಸರಿನ ಮುಂದೆ ಗೈರು ಎಂದು ಬರೆಯದೆ ಪುಸ್ತಕ ಮುಚ್ಚಿದಳು.

ಡಿಸೆಂಬರಿನಲ್ಲಿ ತಾಲೂಕಿನಿಂದ ಜೀಪು ಬಂದಿತ್ತು. ಹಲ್ಲಿನ ಡಾಕ್ಟರರು ಹೂಲಿಯ ಸಾಲೆಗೆ ಬಂದದ್ದು ಅದೇ ಮೊದಲು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು, ಬ್ಯಾಟರಿ ಹಿಡಿಯುವ ಕೆಲಸ ಮಂಜುಳಾಗೆ ಬಂತು. ಒಂದೊಂದೇ ಬಾಯಿ ಆಕೆಯ ಮುಂದೆ ತೆರೆಯಿತು. ಒಳಗೆ ಕಂದು ಬಣ್ಣದ ಮೋಟು ಹಲ್ಲುಗಳು, ಕರಿಯ ಕುಳಿಗಳು, ಹುಳಿತ ಬೆಲ್ಲದ ವಾಸನೆ. ಇಪ್ಪತ್ತು ಬಾಯಿಗಳಾದ ಮೇಲೆ ಮುಖಗಳು ಕಾಣುವುದೇ ನಿಂತುಹೋಗಿತ್ತು. ಬೆಳಕು ಬಿಟ್ಟಲ್ಲೆಲ್ಲ ಬರೀ ಒದ್ದೆಯಾದ ಕತ್ತಲೆ. "ಚಹಾಕ್ಕ ಸಕ್ಕರಿ ಕಡಿಮಿ ಮಾಡ್ರಿ. ಪೆಪ್ಪರಮಿಂಟ ದಿನಾ ತಿನಬ್ಯಾಡ್ರಿ. ಸಿಹಿ ತಿಂದ ಮ್ಯಾಲ ಬಾಯಿ ತೊಳೀರಿ" ಎಂದು ಡಾಕ್ಟರರು ಸರಳವಾಗಿಯೇ ಹೇಳಿದ್ದರು. ಅಷ್ಟಕ್ಕೇ ಮುಗಿಯಬೇಕಿತ್ತು. ಮುಖ್ಯಾಧ್ಯಾಪಕ ಸಂಗಪ್ಪ ಮಾಸ್ತರರು ಮುಂದೆ ಬಂದು, "ಹಲ್ಲಂದ್ರ ಹ್ಯಾಂಗಿರಬೇಕು? ನಿಮ್ಮ ಅಕ್ಕೋರ ಹಲ್ಲ ನೋಡ್ರಿ!" ಎಂದುಬಿಟ್ಟರು. ಎಲ್ಲರೂ ನೋಡಿದರು. ಡಾಕ್ಟರರೂ ನೋಡಿದರು. ಆ ಕಣ್ಣುಗಳು ಆಕೆಯ ತುಟಿಯ ಅಂಚಿನಲ್ಲಿ ಒಂದು ಕ್ಷಣ ನಿಂತವು, ಹುಬ್ಬು ಸ್ವಲ್ಪ ಏರಿತು. ಅವರಿಗೆ ತಿಳಿಯಿತು ಎಂದು ಆಕೆಗೆ ತಿಳಿಯಿತು. ಆದರೆ ಅವರು ಏನೂ ಅನ್ನದೆ ಕೈತೊಳೆಯಲು ಹೋದರು. ಆ ಮೌನವನ್ನೇ ಅಪ್ಪಣೆ ಎಂದುಕೊಂಡಳೋ ಏನೋ, ಮಂಜುಳಾ ತಾನೇ ಬಾಯಿ ಬಿಟ್ಟು ಹೇಳಿದ್ದಳು: "ನಾ ಸಣ್ಣಾಕಿ ಇದ್ದಾಗಿಂದ ಸಕ್ಕರಿ ಮುಟ್ಟಿಲ್ಲ." ಯಾರೂ ಕೇಳಿರಲಿಲ್ಲ. ಯಾಕೆ ಹೇಳಿದಳೋ! ಮಕ್ಕಳ ಕಣ್ಣುಗಳು ಆಕೆಯ ಬಾಯಿಗೆ ಏರಿ, ಸ್ವಲ್ಪ ಹೊತ್ತಿಗೆ ಇಳಿದು, ತಮ್ಮ ತಮ್ಮ ಆಟಕ್ಕೆ ಹೋದವು. ಮೂರನೆಯ ಸಾಲಿನ ಎರಡು ಕಣ್ಣು ಮಾತ್ರ ಇಳಿಯಲಿಲ್ಲ.

ಮುಟ್ಟಿಲ್ಲವಂತೆ. ಕಿತ್ತೂರಿನ ಮನೆಯ ನಾಗಂದಿಗೆಯ ಮೇಲಿನ ತಗಡಿನ ಡಬ್ಬಿ, ಅದರ ಬಿಗಿ ಮುಚ್ಚಳವನ್ನು ಸದ್ದಿಲ್ಲದೆ ಎಬ್ಬಿಸಲು ಕಲಿತ ಹೆಬ್ಬೆರಳಿನ ಉಗುರು, ಅಂಗೈಯಲ್ಲಿ ಕರಗುವ ಮೊದಲೇ ಬಾಯಿಗೆ ಹೋಗುತ್ತಿದ್ದ ಹಿಡಿ ಸಕ್ಕರೆ. ತಾಯಿಯಿಲ್ಲದ ಹುಡುಗಿ ಎಂದು ಅಜ್ಜಿ ಕಂಡೂ ಕಾಣದಂತೆ ಇರುತ್ತಿದ್ದಳು. ಹರೆಯ ಬರುವ ಹೊತ್ತಿಗೆ ಮಂಜುಳಾ ಸೆರಗು ಬಾಯಿಗೆ ಹಿಡಿಯದೆ ನಗುವುದನ್ನು ಮರೆತಿದ್ದಳು. ಇಪ್ಪತ್ತೊಂದರಲ್ಲಿ ದವಡೆ ಬಾತು ಕಣ್ಣು ಮುಚ್ಚಿಹೋದಾಗ ಚಿಗವ್ವ ಬೈಲಹೊಂಗಲಕ್ಕೆ ಕರೆದುಕೊಂಡು ಹೋದಳು. ನಾಲ್ಕು ವಾರ, ವಾರಕ್ಕೊಮ್ಮೆ, ಸ್ಟೀಲಿನ ಬಟ್ಟಲಿನಲ್ಲಿ ಹಲ್ಲು ಬಿದ್ದ ಸದ್ದು. ಕೊನೆಗೆ ಕಟ್ಟಿಸಿದ ಹಲ್ಲಿನ ಗುಲಾಬಿ ತಟ್ಟೆಯನ್ನು ಬಾಯಿಗೆ ಕೂರಿಸಿ ಕನ್ನಡಿ ಹಿಡಿದಾಗ ಕನ್ನಡಿಯಲ್ಲಿ ಯಾರೋ ಚೆಲುವಾಗಿ ನಕ್ಕಿದ್ದರು. ಮಂಜುಳಾ ನಗುವುದನ್ನು ನಿಲ್ಲಿಸಿದ ಮೇಲೂ ಆ ನಗು ಒಂದು ಕ್ಷಣ ಅಲ್ಲೇ ಉಳಿದಿತ್ತು ಎಂಬುದು ಆಕೆಯ ಭ್ರಮೆಯೇ ಇರಬೇಕು. ಬಸ್ಸಿನಲ್ಲಿ ಚಿಗವ್ವ ಕಿವಿಯ ಹತ್ತಿರ, "ಯಾರ ಮುಂದೂ ತಗೀಬ್ಯಾಡ. ಕಟಕೊಂಡಾವನ ಮುಂದೂ" ಎಂದಳು. ಮುಂದಿನ ವರ್ಷ ಮದುವೆಯಾಯಿತು. ನವಿಲುತೀರ್ಥದ ಕಾಲುವೆಯ ಮೇಲೆ ನೀರಿನ ಮಟ್ಟ ಬರೆದಿಡುವ ಅಮೋಘಸಿದ್ದಪ್ಪನ ಪಕ್ಕ, ಸವದತ್ತಿಯ ಬಾಡಿಗೆ ಮನೆಯಲ್ಲಿ, ಒಂಬತ್ತು ವರ್ಷ ಆಕೆ ಬಾಯಿ ಬಿಗಿದುಕೊಂಡು ಮಲಗಿದ್ದಳು. ವಸಡು ಹುಣ್ಣಾಗಿ ಕೀವು ಕಟ್ಟಿದಾಗಲೂ ಬಚ್ಚಲ ಕದದ ಚಿಲಕ ಹಾಕಿಕೊಂಡೇ ತೆಗೆದು ತೊಳೆಯುತ್ತಿದ್ದಳು. ಒಮ್ಮೊಮ್ಮೆ ಪೂರ್ತಿ ಎಚ್ಚರವಿರುವಾಗಲೇ, ಈ ಹಲ್ಲಿಗೆ ತನ್ನದೇ ಆದ ಹಸಿವು ಇದೆ ಅನ್ನಿಸುತ್ತಿತ್ತು. ತಾನು ಅಗಿಯುತ್ತಿಲ್ಲ, ಅದು ಅಗಿಯುತ್ತಿದೆ ಅನ್ನಿಸುತ್ತಿತ್ತು.

ಫರೀನ್ ಮೊದಲು ಪೆಪ್ಪರಮಿಂಟು ಬಿಟ್ಟಳು. ಚಹಾಕ್ಕೆ ಸಕ್ಕರೆ ಬಿಟ್ಟಳು. ಹಾಜರಿಗೆ ಮುಂಚೆ ಮೇಜಿನ ಮುಂದೆ ಬಂದು ಮಾತಿಲ್ಲದೆ ಬಾಯಿ ತೆರೆದು ನಿಲ್ಲುವುದನ್ನು ಶುರುಮಾಡಿದಳು. ಮಂಜುಳಾ ನೋಡಿ "ಶಾಣ್ಯಾಕಿ" ಅನ್ನುವವರೆಗೆ ಆ ಬಾಯಿ ಮುಚ್ಚುತ್ತಿರಲಿಲ್ಲ. ಮೊದಲ ವಾರ ಆಕೆಗೆ ಹೆಮ್ಮೆಯಾಗಿತ್ತು. ಎರಡನೆಯ ವಾರಕ್ಕೆ, ತಾನು ಹುಡುಗಿಯ ಬಾಯನ್ನು ನೋಡುವಾಗ ಹುಡುಗಿ ತನ್ನ ಬಾಯನ್ನು ನೋಡುತ್ತಾಳೆಂಬುದು ತಿಳಿಯಿತು. ಕಣ್ಣು ಪಿಳುಕಿಸದೆ, ದೇವರ ಮುಂದಿನ ದೀಪವನ್ನು ನೋಡುವ ಹಾಗೆ. ತಾಯಿ ಮೆಹೆರಾಜ ಒಂದು ದಿನ ಸಾಲೆಯ ತನಕ ಬಂದು ನಗುತ್ತ, "ಹಬ್ಬದ ದಿನ ಶೀರಕುರುಮಾನೂ ಮುಟ್ಟಲಿಲ್ರೀ. ಬಾಳೀಹಣ್ಣನೂ ಒಲ್ಲೆ ಅಂತಾಳ, ಸಿಹಿ ಐತಂತ. ನೀವು ಹೇಳಿದ್ದಂದ್ರ ಆಕಿಗೆ ಮುಗೀತು" ಎಂದಳು. ನಗುವಿನ ಕೊನೆಗೆ ಆಕೆಯ ದನಿ ಸ್ವಲ್ಪ ಕುಸಿಯಿತು. "ಹಾಲನೂ ಬಿಟ್ಟಾಳ್ರಿ ಅಕ್ಕೋರ. ನೀವೊಂದ ಮಾತ ಹೇಳ್ರಲಾ." ಹೇಳುತ್ತೇನೆ ಎಂದಳು ಮಂಜುಳಾ. ಹೇಳಲಿಲ್ಲ. ಹೇಳಲು ಆ ಕಣ್ಣುಗಳ ಮುಂದೆ ಬಾಯಿ ಬಿಡಬೇಕಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಆಕೆ ಸಾಲೆಯ ಹಿಂದಿನ ಹಾಳು ಗುಡಿಯ ಕಟ್ಟೆಯ ಮೇಲೆ ಒಬ್ಬಳೇ ಬುತ್ತಿ ಉಣ್ಣುತ್ತಿದ್ದಳು. ಅಗಿಯುವುದನ್ನು ಯಾರೂ ನೋಡಬಾರದು. ಗುಡಿಯ ಬಾಗಿಲವಾಡದ ಮೇಲೆ ಕಲ್ಲಿನ ಸಿಂಹಮುಖಗಳಿದ್ದವು. ಕೆಳದವಡೆ ಒಡೆದುಹೋಗಿ ಮೇಲಿನ ಹಲ್ಲಿನ ಸಾಲು ಮಾತ್ರ ಉಳಿದ ಮುಖಗಳು. ಬೆರಳೆಣಿಕೆಯ ದಿನಗಳ ಹಿಂದೆ, ಅಲ್ಲಿ ಕುಳಿತಿದ್ದಾಗ ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿದರೆ, ಕಂಬದ ನೆರಳಲ್ಲಿ ಫರೀನ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೊರಳು ಸಣ್ಣದಾಗಿ, ಕಣ್ಣು ದೊಡ್ಡದಾಗಿ, ಏಳು ವರ್ಷದ ಮುಖದೊಳಗಿಂದ ಬೇರೆ ಯಾರೋ ಹೊರಗೆ ಇಣುಕುತ್ತಿದ್ದರು. ಮುಂದೆ ಬಂದು ಅಂಗೈ ಬಿಚ್ಚಿದಳು. ಅದರಲ್ಲಿ ಒಂದು ಹಲ್ಲಿತ್ತು. ಜೋಳದ ಕಾಳಿನಷ್ಟು, ಬೆಳ್ಳಗೆ, ಬುಡದಲ್ಲಿ ರಕ್ತದ ಒಂದು ಗೆರೆ.

"ನಾ ತಿಂದಿಲ್ರೀ ಅಕ್ಕೋರ" ಎಂದಳು. "ಏನೂ ತಿಂದಿಲ್ಲ. ಆದ್ರೂ ಬಿತ್ತು."

ಹಾಲಹಲ್ಲು, ಎಲ್ಲರದೂ ಬೀಳುತ್ತದೆ, ಮತ್ತೆ ಬರುತ್ತದೆ. ಐದು ಶಬ್ದ. ಮಂಜುಳಾ ಆ ಐದು ಶಬ್ದಗಳನ್ನು ಆಮೇಲೆ ಎಷ್ಟೋ ಸಲ ಎಣಿಸಿದ್ದಳು. ಆದರೆ ಆ ಗಳಿಗೆಯಲ್ಲಿ ಆಕೆಯ ಬಾಯಲ್ಲಿ ಅರ್ಧ ಅಗಿದ ರೊಟ್ಟಿಯಿತ್ತು, ಹಲ್ಲಿನ ತಟ್ಟೆ ಸಡಿಲಾಗಿ ಒಂದು ಬದಿಗೆ ತೂಗಿತ್ತು. ಹುಡುಗಿ ಅಷ್ಟು ಹತ್ತಿರದಿಂದ ಅದನ್ನೇ ನೋಡುತ್ತಿದ್ದಳು. ಈ ಮಗು ಇಲ್ಲಿಂದ ಹೋದರೆ ಸಾಕು. ಅದೊಂದೇ ಆಸೆ. "ಎಲ್ಲ್ಯರ ಗೊತ್ತಿಲ್ದಂಗ ತಿಂದಿರತೀದಿ" ಎಂದುಬಿಟ್ಟಳು. "ಹೋಗು." ಫರೀನ್ ಅಳಲಿಲ್ಲ. ಅಂಗೈ ಮುಚ್ಚಿಕೊಂಡು, ತಾನು ಗೊತ್ತಿಲ್ಲದಂತೆ ತಿಂದದ್ದು ಏನಿರಬಹುದು ಎಂದು ಯೋಚಿಸುತ್ತ, ಬಿಸಿಲಲ್ಲಿ ನಿಧಾನವಾಗಿ ನಡೆದು ಹೋದಳು.

ಗೈರು ಬರೆಯದೆ ಪುಸ್ತಕ ಮುಚ್ಚಿದ ಈ ದಿನ, ಮಗ್ಗಿ ನಡೆದಿರುವಾಗ, ಕಿಟಕಿಯ ಸರಳು ಹಿಡಿದು ಯಾರೋ ಬಂದು ನಿಂತರು. ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿದರು. ಫರೀನಳ ಅಜ್ಜಿ ನೂರಬಿ. ಓಡಿ ಬಂದಿದ್ದಳೇನೋ, ಮುದುಕಿಯ ಎದೆ ಏರಿ ಇಳಿಯುತ್ತಿತ್ತು.

"ಅಕ್ಕೋರ, ಬರ್ರಿ. ಹುಡುಗಿ ಬಾಯಿ ತಗೀವಲ್ದು."

"ಏನಾತ್ರಿ?"

"ನಿನ್ನಿ ಮುಂಜಾನಿಂದ ವಾಂತಿ-ಭೇದಿ. ಮೈಯಾಗ ನೀರ ಉಳಿದಿಲ್ಲ. ನರ್ಸಬಾಯಿ ಬಂದು ಸಕ್ಕರಿ-ಉಪ್ಪಿನ ನೀರ ಕುಡಸ್ರಿ, ಕುಡಸೂದ ನಿಲ್ಲಸಬ್ಯಾಡ್ರಿ, ಗಾಡಿ ಸಿಕ್ಕ ಕೂಡ್ಲೇ ಸವದತ್ತಿ ದವಾಖಾನಿಗೆ ಒಯ್ರಿ ಅಂದಾಳ. ಓಣ್ಯಾಗಿನ ಬಾಬುಸಾಬ ಟೆಂಪೋ ತಗೊಂಡು ರಾಮದುರ್ಗಕ್ಕ ಹೋಗ್ಯಾನ, ಹೇಳಿ ಕಳಿಸೇವಿ. ಅಲ್ಲೀತನಕ ಹುಡುಗಿ ಕುಡೀಬೇಕಲ್ರೀ? ಸಕ್ಕರಿ ಐತಿ ಅಂತ ಹಲ್ಲ ಕಚ್ಚಕೊಂಡು ಮಲಗೇತಿ. ಚಮಚಾ ಹಾಕಿದ್ರೂ ತಗೀವಲ್ದು. ಅಕ್ಕೋರು ಹೇಳ್ಯಾರ, ಅಕ್ಕೋರು ಹೇಳ್ಯಾರ, ಇದೊಂದ ಮಾತು."

ಸಂಗಪ್ಪ ಮಾಸ್ತರರಿಗೆ ಹೇಳಿ ಮಂಜುಳಾ ಹೊರಟಳು. ಹನ್ನೊಂದೂವರೆಯ ಬಿಸಿಲು ಓಣಿಯ ಮಣ್ಣನ್ನು ಬೆಳ್ಳಗೆ ಸುಟ್ಟಿತ್ತು. ಒಂದು ನಾಯಿಯೂ ಇರಲಿಲ್ಲ. ಮುಂದೆ ನೂರಬಿ ಬರಿಗಾಲಲ್ಲಿ ನಡೆಯುತ್ತಿದ್ದಳು, ಹಿಂದೆ ಮಂಜುಳಾ, ಹೆಜ್ಜೆ ಹೆಜ್ಜೆಗೂ ಬಾಯಲ್ಲಿ ಟಕ್, ಟಕ್. ತಾನು ಹೋಗಿ ಗದರಿಸಿದರೆ ಸಾಕು, ಕುಡಿಯುತ್ತಾಳೆ. ತನ್ನ ಮಾತಿಗೆ ಬಿಟ್ಟವಳು ತನ್ನ ಮಾತಿಗೇ ಹಿಡಿಯುತ್ತಾಳೆ. ಯಾರಿಗೂ ಏನೂ ತಿಳಿಯಬೇಕಾಗಿಲ್ಲ. ಹೀಗೆಂದುಕೊಳ್ಳುತ್ತಿರುವಾಗಲೇ ಮತ್ತೊಂದು ಯೋಚನೆ, ಬೆವರಿನಂತೆ ತಣ್ಣಗೆ, ಬೆನ್ನಿಗಿಳಿಯಿತು: ಹುಡುಗಿ ಹೋಗಿಬಿಟ್ಟಿದ್ದರೆ? ಹೋಗಿಬಿಟ್ಟಿದ್ದರೆ ಇನ್ನು ಯಾರೂ ಹಾಗೆ ನೋಡುವುದಿಲ್ಲ. ಮಂಜುಳಾ ಓಣಿಯ ನಡುವೆ ನಿಂತಳು. ಇದನ್ನು ಯೋಚಿಸಿದ್ದು ತಾನೇ? ನೂರಬಿ ತಿರುಗಿ, "ಯಾಕ್ರೀ ಅಕ್ಕೋರ, ನಗಾಕ ಹತ್ತೀರಿ?" ಎಂದಳು. ನಗುತ್ತಿರಲಿಲ್ಲ. ಬಾಯಿ ಒಣಗಿ ಮೇಲ್ದುಟಿ ಹಲ್ಲಿಗೆ ಅಂಟಿ ಮೇಲೇ ಉಳಿದಿತ್ತು. ಬೆರಳಿನಿಂದ ಅದನ್ನು ಕೆಳಗೆ ಎಳೆದುಕೊಂಡಳು.

ಒಳಕೋಣೆಯಲ್ಲಿ ಕೌದಿಯ ಮೇಲೆ ಮಲಗಿದ್ದ ಫರೀನ್ ಬಹಳ ಸಣ್ಣದಾಗಿ ಕಂಡಳು. ಕಣ್ಣು ಕುಳಿಬಿದ್ದಿದ್ದವು, ತುಟಿ ಬಿಳಿಚಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಮೆಹೆರಾಜ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಬಟ್ಟಲು ಹಿಡಿದು, ಮಂಜುಳಾಳನ್ನು ನೋಡಿದಳು. ಆ ನೋಟದಲ್ಲಿ ಬೈಗಳು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನೆರೆಯ ಹೆಂಗಸರು ಗುಂಪಾಗಿದ್ದರು. ಮಂಜುಳಾ ಬಟ್ಟಲು ತೆಗೆದುಕೊಂಡು ಕುಳಿತು, "ಫರೀನ್, ಕುಡೀಬೇಕು. ನಾ ಹೇಳಾಕ ಹತ್ತೇನಿ" ಎಂದಳು.

ಕಣ್ಣು ತೆರೆದವು. ಮುಖಕ್ಕೆ ಬರಲಿಲ್ಲ, ನೇರವಾಗಿ ಬಾಯಿಗೆ ಬಂದವು. ತುಟಿ ಬಿಡಿಸದೆ, ಹಲ್ಲಿನ ಸಂದಿಯಿಂದ, ಗಾಳಿಯಂಥ ದನಿ: "ಅದರಾಗ ಸಕ್ಕರಿ ಐತಿ."

"ಇದು ಔಷಧ ಅದ. ನೋಡು, ನಾನೂ ಕುಡೀತೇನಿ." ಒಂದು ಗುಟುಕು ಕುಡಿದಳು. ಉಪ್ಪು, ಅದರ ಹಿಂದೆ ಸಿಹಿ. ಹುಡುಗಿಯ ಕಣ್ಣು ಅಗಲವಾದವು. ಅವು ಬಾಯಿಯನ್ನು ಬಿಡದೆ ಕಾಯುತ್ತಿದ್ದವು. ಏನನ್ನು ಕಾಯುತ್ತಿವೆ ಎಂದು ಮಂಜುಳಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಈಗ ಬೀಳತಾವ" ಎಂದಳು ಫರೀನ್, ಬಹಳ ಮೆಲ್ಲಗೆ, ಬಹಳ ಮರುಕದಿಂದ. ಮತ್ತೆ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಮೆಹೆರಾಜ ಮಗಳ ಕೆನ್ನೆ ತಟ್ಟಿದಳು, ಅಲುಗಿಸಿದಳು. ಚರ್ಮ ಹಿಡಿದರೆ ಹಿಡಿದಲ್ಲೇ ನಿಲ್ಲುತ್ತಿತ್ತು.

ಮಂಜುಳಾ ಹೆಬ್ಬೆರಳನ್ನು ಬಾಯಿಯೊಳಗೆ ಹಾಕಿದಳು. ಯಾವಾಗ ನಿರ್ಧಾರ ಮಾಡಿದಳೋ ಆಕೆಗೆ ಗೊತ್ತಿಲ್ಲ. ಉಗುರು ತಟ್ಟೆಯ ಅಂಚನ್ನು ಹುಡುಕಿತು, ಎಬ್ಬಿಸಿತು. ವಸಡಿನ ಹುಣ್ಣು ಹರಿದು ಉಪ್ಪು ರಕ್ತ ಬಂತು. ಹೀರಿದ ಸದ್ದಿನೊಂದಿಗೆ ಅದು ಕಳಚಿ, ಎಂಜಲಿನ ಎಳೆಯೊಂದು ಜೋತಾಡುತ್ತ, ಅಂಗೈಗೆ ಬಂತು. ಬಾಗಿಲಲ್ಲಿ ಯಾರೋ "ಯವ್ವಾ" ಎಂದು ಹಿಂದೆ ಸರಿದರು. ಆಕೆಯ ಮೇಲ್ದುಟಿ ಒಳಗೆ ಕುಸಿಯಿತು, ಕೆನ್ನೆ ಕುಸಿಯಿತು. ಇಡೀ ಮುಖ ತನ್ನೊಳಗೇ ಬಿದ್ದುಹೋಗುತ್ತಿದೆ ಅನ್ನಿಸಿತು.

"ಫರೀನ್. ಕಣ್ಣ ತಗಿ." ದನಿ ಬೇರೆಯಾಗಿತ್ತು, ಗಾಳಿ ಸೋರುತ್ತಿತ್ತು. "ನೋಡಿಲ್ಲಿ. ಇವು ನನ್ನವಲ್ಲ. ನಾ ಶುಳ್ಳ ಹೇಳಿದೆ. ನಾ ಶಣ್ಣಾಕಿದ್ದಾಗ ಮುಟಗಿ ಮುಟಗಿ ಶಕ್ಕರಿ ತಿಂದೇನಿ, ಕದ್ದು ತಿಂದೇನಿ. ಎಲ್ಲಾ ಹೋದುವು. ನಿಂದು ಹಂಗಲ್ಲ. ನಿಂದು ಹಾಲಹಲ್ಲು, ಎಲ್ಲಾರ್ದೂ ಬೀಳತಾವ, ಮತ್ತ ಬರತಾವ. ನಿನ್ನದೇನೂ ತಪ್ಪಿಲ್ಲ. ನೀ ಏನೂ ತಿಂದಿಲ್ಲ. ನಂಗ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ."

ಹುಡುಗಿ ನೋಡಿದಳು. ಹೆದರಲಿಲ್ಲ. ಕೌದಿಯ ಕೆಳಗಿನಿಂದ ಒಂದು ಕೈ ಬಂತು, ಒಣಕಡ್ಡಿಯಂಥ ತೋರುಬೆರಳು ಮಂಜುಳಾಳ ತುಟಿ ದಾಟಿ ಬರಿಯ ವಸಡಿನ ಮೇಲೆ, ಈ ತುದಿಯಿಂದ ಆ ತುದಿಗೆ, ಸ್ಲೇಟಿನ ಮೇಲೆ ಅಕ್ಷರ ತಿದ್ದುವಂತೆ ಸಾವಕಾಶವಾಗಿ ಹರಿದಾಡಿತು. ಮಂಜುಳಾ ಬಾಯಿ ತೆರೆದುಕೊಂಡೇ ಇದ್ದಳು. ಬೆರಳು ಹೊರಗೆ ಬಂತು. ಫರೀನ್ ಅದರ ತುದಿಗೆ ಹತ್ತಿದ ರಕ್ತ ನೋಡಿದಳು. ಆಮೇಲೆ ತನ್ನ ಬಾಯಿ ತೆರೆದಳು.

ಒಂದೊಂದು ಚಮಚೆ. ಒಮ್ಮೆ ವಾಂತಿಯಾಯಿತು, ತಡೆದು ಮತ್ತೆ ಹಾಕಿದರು. ನಡುವೆ ಒಮ್ಮೆ ಮಂಜುಳಾ ಹಿಂದೆ ತಿರುಗಿ ತಟ್ಟೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡಿದಳು. ತಿರುಗಿ ಬಂದಾಗ ಹುಡುಗಿಯ ತುಟಿಗಳು ಬಿಗಿದಿದ್ದವು. ಮತ್ತೆ ತೆಗೆದಳು, ತುಟಿಗಳು ತೆರೆದವು. ಆಮೇಲೆ ಆ ಪ್ರಯತ್ನ ಬಿಟ್ಟಳು. ಮೆಹೆರಾಜ ಆ ಹಲ್ಲನ್ನು ಆಕೆಯ ಕೈಯಿಂದ ತೆಗೆದುಕೊಂಡು, ಚರಿಗೆಯ ನೀರಲ್ಲಿ ಎಚ್ಚರದಿಂದ ತೊಳೆದು, ತನ್ನ ಒಗೆದಿಟ್ಟ ಓಢಣಿಯ ತುಂಡಿನಲ್ಲಿ ಸುತ್ತಿ, ಆಕೆಯ ಚೀಲದಲ್ಲಿ ಇಟ್ಟಳು.

ಎರಡು ಗಂಟೆಗೆ ಟೆಂಪೋ ಬಂತು. ಬಾಬುಸಾಬ ಇಳಿಯದೆಯೇ ಬಾಗಿಲು ತೆರೆದ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಂಜುಳಾ ಮುಂದೆ ಕುಳಿತಳು, ಪಕ್ಕದಲ್ಲಿ ಬಟ್ಟಲು ಹಿಡಿದ ಮೆಹೆರಾಜ. ದಾರಿಯುದ್ದಕ್ಕೂ ಫರೀನ್ ಮಲಗಿದಲ್ಲಿಂದಲೇ ಆ ಬಾಯಿಯನ್ನು ಕಾವಲು ಕಾದಳು. ದವಾಖಾನೆಯ ಮುಂದೆ, ಸಂತೆಗೆ ಬಂದವರು, ಗುರುತಿನವರು, ಸಾಲೆಯ ಹಳೆಯ ವಿದ್ಯಾರ್ಥಿಗಳ ತಾಯಂದಿರು ಇದ್ದರು. ಮಂಜುಳಾ ಸೆರಗು ಎಳೆದುಕೊಳ್ಳಲಾಗಲಿಲ್ಲ, ಎರಡೂ ಕೈಯಲ್ಲಿ ಮಗುವಿತ್ತು. ಸಲಾಯಿನ್ ಹಚ್ಚಿದರು. ಒಂದು ಬಾಟಲಿ ಮುಗಿದು ಎರಡನೆಯದು ಅರ್ಧವಾದಾಗ ಡಾಕ್ಟರರು ನಾಡಿ ಹಿಡಿದು, "ಇನ್ನ ಅಂಜಿಕಿಲ್ಲ. ದಾರ್ಯಾಗ ಕುಡಿಸಿಕೋತ ಬಂದೀರಿ, ಅದಕ್ಕ ಉಳೀತು" ಎಂದರು. ಮೆಹೆರಾಜ ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತಳು. ಫರೀನ್ ನಿದ್ದೆ ಹೋಗಿದ್ದಳು. ನಿದ್ದೆಯಲ್ಲಿ ಬಾಯಿ ತುಸು ತೆರೆದಿತ್ತು. ಬಿದ್ದ ಹಲ್ಲಿನ ಜಾಗದಲ್ಲಿ, ವಸಡಿನ ಕೆಳಗೆ, ಬೆಳ್ಳನೆಯ ಒಂದು ಗೆರೆ ಮೂಡಿತ್ತು.

ದವಾಖಾನೆಯ ನಳದ ಹತ್ತಿರ ಮಂಜುಳಾ ಓಢಣಿಯ ತುಂಡನ್ನು ಬಿಚ್ಚಿದಳು. ಹದಿನಾಲ್ಕು ಹಲ್ಲುಗಳು ಆಕೆಯನ್ನು ನೋಡಿ ನಗುತ್ತಿದ್ದವು. ಕೂರಿಸಲು ನೋಡಿದಳು. ಬಾತ ವಸಡು ಅದನ್ನು ಒಪ್ಪಲಿಲ್ಲ, ಹೊರಗಿನವರನ್ನು ತಳ್ಳುವಂತೆ ತಳ್ಳಿತು. ಎರಡನೆಯ ಸಲ ಆಕೆಯೇ ಪ್ರಯತ್ನಿಸಲಿಲ್ಲ. ಮತ್ತೆ ಸುತ್ತಿ ಚೀಲಕ್ಕೆ ಹಾಕಿ, ಇಳಿಬಿಸಿಲಿಗೆ ಸೆರಗು ತಲೆಯ ಮೇಲೆ ಹೊದ್ದು, ಮನೆಯ ಕಡೆಗೆ ನಡೆದಳು. ಕಾಲು ಹಗುರವಾಗಿದ್ದವು. ಹೆಜ್ಜೆಯಲ್ಲಿ ಸದ್ದಿಲ್ಲ. ಅಂಗಡಿಯ ಗಾಜಿನಲ್ಲಿ ಒಬ್ಬ ಮುದುಕಿ ತನ್ನ ಜೊತೆಗೇ ನಡೆಯುವುದನ್ನು ಒಮ್ಮೆ ಕಂಡು, ದಾರಿ ಬಿಟ್ಟುಕೊಟ್ಟಳು. ಆಮೇಲೆ ತಿಳಿಯಿತು.

ಮನೆಯ ಬಾಗಿಲು ತೆರೆದಿತ್ತು. ಆಕೆ ಹೊಸ್ತಿಲಲ್ಲಿ ನಿಂತಾಗ ಬೆಳಕೆಲ್ಲ ಬೆನ್ನ ಹಿಂದಿತ್ತು. ಪಡಸಾಲೆಯಲ್ಲಿ ಹಗ್ಗದ ಮಂಚದ ಮೇಲೆ ಕಾಲುವೆಯ ಲೆಡ್ಜರು ಬರೆಯುತ್ತ ಕುಳಿತಿದ್ದ ಅಮೋಘಸಿದ್ದಪ್ಪ ತಲೆ ಎತ್ತಿ, ತಟ್ಟನೆ ಎದ್ದು ನಿಂತ.

"ಬರ್ರಿ ಅವ್ವಾ, ಒಳಗ ಬರ್ರಿ" ಎಂದ. "ಮಂಜುಳಾ ಇನ್ನೂ ಸಾಲಿಂದ ಬಂದಿಲ್ಲ. ಈಗ ಬರೂ ಹೊತ್ತು. ಕುಂಡ್ರಿ, ಬಿಸಲಾಗ ಬಂದೀರಿ."

ನಾನು ಎನ್ನಬೇಕು. ಅನ್ನಲಿಲ್ಲ. ಅವನ ದನಿ ಎಷ್ಟು ಮೆತ್ತಗಿತ್ತು. ಒಂಬತ್ತು ವರ್ಷದಲ್ಲಿ ಆ ದನಿಯನ್ನು ಆಕೆ ಕೇಳಿರಲಿಲ್ಲ. ಅಥವಾ ಕೇಳುವಷ್ಟು ಹತ್ತಿರ ಹೋಗಿರಲಿಲ್ಲ. ಚಾಪೆಯ ಮೇಲೆ ಕುಳಿತಳು. ಸಾಲೆಯಿಂದ ಮಂಜುಳಾ ಬರುವುದನ್ನು ತಾನೂ ಕಾಯುತ್ತಿದ್ದೇನೆ ಅನ್ನಿಸಿತು. ಬರುವಳೋ ಇಲ್ಲವೋ ಎಂಬ ಸಣ್ಣ ಕಳವಳವೂ ಆಯಿತು. ಅವನು ಒಳಗೆ ಹೋಗಿ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದು, ಬಾಗಿ, ಎರಡೂ ಕೈಯಿಂದ ಮುಂದೆ ಹಿಡಿದ.

"ಕುಡೀರಿ."

ಆಕೆ ಕೈ ಚಾಚಿದಳು. ಅವನು ಆ ಕೈಯನ್ನು ನೋಡಿದ. ಉಗುರ ಸಂದಿಯ ಸೀಮೆಸುಣ್ಣ, ಕಳೆದ ವಾರ ತಾನೇ ತಂದುಕೊಟ್ಟ ಹಸಿರು ಬಳೆ. ನೋಟ ಮಣಿಕಟ್ಟಿನಿಂದ ಮೊಳಕೈಗೆ, ಮೊಳಕೈಯಿಂದ ಹೆಗಲಿಗೆ, ತಡೆದು ತಡೆದು ಏರಿತು. ಸೆರಗಿನ ಅಂಚು ಆಕೆಯ ಬೆರಳಿಗೆ ಸಿಗುವಷ್ಟು ಹತ್ತಿರವೇ ಇತ್ತು. ಆಕೆ ಅದನ್ನು ಮುಟ್ಟಲಿಲ್ಲ. ನೋಟ ಬಾಯಿಗೆ ಬಂದು ನಿಂತಿತು. ಹೊರಗೆ ಓಣಿಯಲ್ಲಿ ಯಾರೋ ಎಮ್ಮೆಗಳನ್ನು ಹೊಡೆದುಕೊಂಡು ಹೋದರು, ಗೊರಸಿನ ಸದ್ದು ದೂರವಾಗುವ ತನಕ ಇಬ್ಬರೂ ಅಲುಗಲಿಲ್ಲ. ತಂಬಿಗೆ ಇಬ್ಬರ ಕೈಯಲ್ಲೂ ಇತ್ತು.

ಅವನು ತಂಬಿಗೆ ಬಿಡದೆ ಹೇಳಿದ:

"ಕುಡಿ."